ಸಂತಮಸ ಗ್ರಹದ ಗಾತ್ರ ಏಕೆ ಎಲ್ಲೂ ಸಿಗುವುದಿಲ್ಲ?

ಪ್ರಶ್ನೆ: ಪ್ರೌಢಶಾಲಾ ಶಿಕ್ಷಕಿ, ಸಾಗರ

ಎಲ್ಲರಿಗೂ ನಮಸ್ಕಾರ. ಅಂತರರಾಷ್ಟ್ರೀಯ ಖಗೋಳ ಒಕ್ಕೂಟವು 2019ರಲ್ಲಿ ಭಾರತಕ್ಕೆ ಹೆಸರಿಡಲು ಕೊಟ್ಟಿದ್ದ ನಕ್ಷತ್ರ ಎಚ್‌ಡಿ 86081. ಭೌತವಿಜ್ಞಾನಿ ಬಿಭಾ ಚೌಧುರಿಯವರ ನೆನಪಿಗೆ ಅದಕ್ಕೆ ‘ಬಿಭಾ’ ಎಂದೂ, ಅದನ್ನು ಸುತ್ತುವ ಗ್ರಹಕ್ಕೆ ‘ಸಂತಮಸ’ ಎಂದೂ ಹೆಸರಾಯಿತು. ಈ ದೈತ್ಯ ಗ್ರಹಕ್ಕೆ ಒಂದು ವರ್ಷವೆಂದರೆ ನಮ್ಮ ಎರಡು ದಿನಕ್ಕಿಂತ ತುಸು ಹೆಚ್ಚು ಎಂದು ತರಗತಿಯಲ್ಲಿ ಹೇಳಿದಾಗ ಹುಡುಗಿಯೊಬ್ಬಳು, “ಮಿಸ್, ಅದು ಎಷ್ಟು ದೊಡ್ಡದು?” ಎಂದು ಕೇಳಿದಳು. ಹುಡುಕಿದಾಗ ಸಿಕ್ಕಿದ್ದು ‘ಕನಿಷ್ಠ ದ್ರವ್ಯರಾಶಿ ಗುರುವಿನ ಸುಮಾರು ಒಂದೂವರೆ ಪಟ್ಟು’ ಎಂಬುದಷ್ಟೇ. ಕನಿಷ್ಠ ಎಂದರೇನು? ವ್ಯಾಸವನ್ನು ಏಕೆ ಕೊಟ್ಟಿಲ್ಲ?

ಉತ್ತರ 1

ಮೇಡಂ, ಸಂತಮಸವನ್ನು ಯಾರೂ ಕಂಡಿಲ್ಲ. ಕಂಡಿರುವುದು ಬಿಭಾಳ ಓಲಾಟವನ್ನು. ಗ್ರಹದ ಸೆಳೆತಕ್ಕೆ ನಕ್ಷತ್ರ ಸೆಕೆಂಡಿಗೆ ಸುಮಾರು 200 ಮೀಟರ್ ವೇಗದಲ್ಲಿ ನಮ್ಮ ಕಡೆಗೊಮ್ಮೆ, ಆಚೆಗೊಮ್ಮೆ ಸರಿಯುತ್ತದೆ, ಅದಕ್ಕೆ ತಕ್ಕಂತೆ ಅದರ ರೋಹಿತದ (ಬೆಳಕನ್ನು ಬಣ್ಣಗಳಾಗಿ ಬಿಡಿಸಿದಾಗ ಕಾಣುವ ಪಟ್ಟಿಯ) ಕಪ್ಪು ಗೆರೆಗಳು ನೀಲಿಯ ಕಡೆಗೂ ಕೆಂಪಿನ ಕಡೆಗೂ ಜರುಗುತ್ತವೆ. ಬೆಳಕಿನ ವೇಗದ ಮುಂದೆ ಇದು ಹದಿನೈದು ಲಕ್ಷದಲ್ಲಿ ಒಂದು ಪಾಲು. ಭೂಮಿಯೇ ಸೆಕೆಂಡಿಗೆ 30 ಕಿಲೋಮೀಟರ್ ಓಡುತ್ತಿರುವುದರಿಂದ ಆ ಲೆಕ್ಕವನ್ನೂ ಮೊದಲು ಕಳೆಯಬೇಕು. 1995ರಲ್ಲಿ ಮಿಶೆಲ್ ಮೇಯರ್ ಮತ್ತು ಡಿಡಿಯೆ ಕೆಲೋ ಅವರು 51 ಪೆಗಾಸಿ ಎಂಬ ನಕ್ಷತ್ರದ ಗ್ರಹವನ್ನು ಹಿಡಿದದ್ದು ಹೀಗೆಯೇ. ಅಲ್ಲಿ ಓಲಾಟ ಇನ್ನೂ ಚಿಕ್ಕದು, ಸೆಕೆಂಡಿಗೆ ಸುಮಾರು 56 ಮೀಟರ್.

ಆದರೆ ಈ ವಿಧಾನದಲ್ಲಿ ದೃಷ್ಟಿರೇಖೆಯ ಗುಂಟ ಆಗುವ ಚಲನೆ ಮಾತ್ರ ಸಿಗುತ್ತದೆ. ಕಕ್ಷೆ ನಮಗೆ ಅಂಚು ತೋರಿಸುತ್ತಿದ್ದರೆ ಲೆಕ್ಕಕ್ಕೆ ಬಂದದ್ದೇ ನಿಜವಾದ ದ್ರವ್ಯರಾಶಿ. ಅದರ ತಲ ದೃಷ್ಟಿರೇಖೆಗೆ 60 ಡಿಗ್ರಿ ಓರೆಯಾಗಿದ್ದರೆ ನಿಜವಾದದ್ದು ಅದರ ಎರಡರಷ್ಟು. ಓರೆ ಎಷ್ಟೆಂದು ತಿಳಿಯದೆ ‘ಕನಿಷ್ಠ’ ಎಂಬ ಪದವನ್ನು ಬಿಡುವಂತಿಲ್ಲ.

ಉತ್ತರ 2: ಹವ್ಯಾಸಿ ವೀಕ್ಷಕ, ಚಳ್ಳಕೆರೆ

ಗಾತ್ರ ತಿಳಿಯಬೇಕಾದರೆ ಗ್ರಹ ನಕ್ಷತ್ರದ ಮುಂದೆ ಹಾದುಹೋಗಬೇಕು. ಸೂರ್ಯನಂಥ ನಕ್ಷತ್ರಕ್ಕೆ ಇಷ್ಟು ಅಂಟಿಕೊಂಡಿರುವ ಗ್ರಹಗಳಲ್ಲೂ ಹತ್ತರಲ್ಲಿ ಒಂದಕ್ಕೆ ಮಾತ್ರ ನಮ್ಮಿಂದ ನೋಡಿದಾಗ ಆ ಯೋಗ. ಸಂತಮಸಕ್ಕೆ ಇಲ್ಲ.

ಯೋಗವಿರುವ ಎಚ್‌ಡಿ 189733ರ ಗ್ರಹವನ್ನು ನಾನು ಎಂಟು ಇಂಚಿನ ದೂರದರ್ಶಕದಲ್ಲಿ ಹಿಡಿದಿದ್ದೇನೆ. ಮೊದಲ ಸಲ ಮೋಡ ಮುಚ್ಚಿತು, ಎರಡನೆಯ ಸಲ ಗಾಜಿನ ಮೇಲೆ ಇಬ್ಬನಿ ಕೂತಿತು. ಮೂರನೆಯ ಸಲ, ನಕ್ಷತ್ರದ ಬೆಳಕು ಹೆಚ್ಚು ಪಿಕ್ಸೆಲ್‌ಗಳ ಮೇಲೆ ಹರಡಲೆಂದು ಫೋಕಸನ್ನು ಬೇಕೆಂದೇ ತುಸು ತಪ್ಪಿಸಿ, ಪಕ್ಕದ ನಕ್ಷತ್ರಗಳೊಡನೆ ಹೋಲಿಸುತ್ತ ಚಿತ್ರ ತೆಗೆದೆ. ಎರಡು ಗಂಟೆಗೆ ತುಸು ಕಡಿಮೆ ಹೊತ್ತು ನಕ್ಷೆಯಲ್ಲೊಂದು ತಗ್ಗು ಮೂಡಿತು. ಬೆಳಕು ಸುಮಾರು ಶೇಕಡಾ 2.4ರಷ್ಟು ಇಳಿದಿತ್ತು. ಎಷ್ಟು ಬೆಳಕು ಮರೆಯಾಗುತ್ತದೆ ಎಂಬುದು ಗ್ರಹದ ಬಿಲ್ಲೆಯ ವಿಸ್ತೀರ್ಣದ ಮೇಲೆ, ಎಂದರೆ ತ್ರಿಜ್ಯದ ವರ್ಗದ ಮೇಲೆ ನಿಂತಿದೆ. 0.024ರ ವರ್ಗಮೂಲ 0.155, ಅಂದರೆ ಗ್ರಹದ ತ್ರಿಜ್ಯ ನಕ್ಷತ್ರದ ತ್ರಿಜ್ಯದ ಸುಮಾರು ಆರರಲ್ಲೊಂದು ಪಾಲು. ಇದನ್ನು ನಿಮ್ಮ ಮಕ್ಕಳೇ ಮಾಡಬಲ್ಲರು.

ಶಿಕ್ಷಕಿ

ತುಂಬ ಉಪಕಾರವಾಯಿತು. ಹಾಗಾದರೆ ಎರಡೂ ಅಳತೆ ಸಿಕ್ಕ ಗ್ರಹದ ಸಾಂದ್ರತೆಯೂ ಸಿಗಬೇಕಲ್ಲವೇ?

ಉತ್ತರ 1

ಸಿಗುತ್ತದೆ, ತೊಡಕು ಶುರುವಾಗುವುದೂ ಅಲ್ಲಿಯೇ. 1999ರಲ್ಲಿ ಮೊತ್ತಮೊದಲಿಗೆ ಹೀಗೆ ಹಾದುಹೋಗುವುದು ಕಂಡ ಎಚ್‌ಡಿ 209458ರ ಗ್ರಹ ತೂಕದಲ್ಲಿ ಗುರುವಿನ ಮುಕ್ಕಾಲು ಪಾಲೂ ಇಲ್ಲ, ವ್ಯಾಸದಲ್ಲಿ ಮಾತ್ರ ಗುರುವಿಗಿಂತ ಮೂರನೇ ಒಂದು ಭಾಗ ಹೆಚ್ಚು. ಸಾಂದ್ರತೆ ನೀರಿನ ಮೂರನೇ ಒಂದು ಭಾಗದಷ್ಟು. ಪೂರಿಯಂತೆ ಉಬ್ಬಿದೆ ಅನ್ನಿ. ನಕ್ಷತ್ರದ ಕಾವು ಮೇಲ್ಪದರವನ್ನು ಕಾಯಿಸುವುದರಿಂದಲೇ ಇಷ್ಟು ಉಬ್ಬುವುದಿಲ್ಲ, ಶಾಖ ಒಳಗಿನವರೆಗೂ ಇಳಿಯಬೇಕು. ಅದು ಇಳಿಯುವ ಬಗೆಯ ಬಗ್ಗೆ ಒಮ್ಮತವಿಲ್ಲ: ಬಿಸಿ ಗಾಳಿ ಕಾಂತಕ್ಷೇತ್ರದಲ್ಲಿ ಬೀಸಿ ವಿದ್ಯುತ್ ಹರಿದು ಒಳಗೆ ಕಾಯುತ್ತದೆ ಎಂಬ ವಾದ ನನಗೆ ಹೆಚ್ಚು ಒಪ್ಪುತ್ತದೆ. ಸಂತಮಸವೂ ಹೀಗೆ ಉಬ್ಬಿರಬಹುದು ಎಂದು ಆ ಹುಡುಗಿಗೆ ಹೇಳಿ, ಆದರೆ ಅಳೆದ ಸಂಖ್ಯೆಯೆಂದು ಬೋರ್ಡಿನ ಮೇಲೆ ಏನನ್ನೂ ಬರೆಯಬೇಡಿ.