ರಕ್ತದಲ್ಲಿನ ‘ಕುರುಹು’ ಸರಿಯೇ? ‘ಅಪಥಿ’ಗೆ ಯಾವ ಪದ?

ಎಲ್ಲರಿಗೂ ನಮಸ್ಕಾರ.

ಅಲ್‌ಝೈಮರ್ ಕಾಯಿಲೆಯವರನ್ನು ಮನೆಯಲ್ಲಿ ನೋಡಿಕೊಳ್ಳುವವರಿಗಾಗಿ ಒಂದು ಕಿರುಹೊತ್ತಗೆಯನ್ನು ಕನ್ನಡಕ್ಕೆ ತರುತ್ತಿದ್ದೇನೆ. ಎರಡು ಪದಗಳು ಕೈ ಕಟ್ಟಿಹಾಕಿವೆ.

ಮೊದಲನೆಯದು ಬಯೋಮಾರ್ಕರ್. ರಕ್ತದಲ್ಲಿ ಪಿ-ಟೌ 217, ಜಿಎಫ್‌ಎಪಿ, ನ್ಯೂರೋಫಿಲಮೆಂಟ್ ಲೈಟ್ ಮುಂತಾದ ಪ್ರೋಟೀನುಗಳನ್ನು ಅಳೆದು ಮಿದುಳಿನೊಳಗಿನ ಸ್ಥಿತಿಯನ್ನು ಅಂದಾಜು ಮಾಡುತ್ತಾರಲ್ಲ, ಅವು. ‘ಜೈವಿಕ ಸೂಚಕ’ ಎಂಬ ಪದ ಬಳಕೆಯಲ್ಲಿದೆ, ತಪ್ಪೇನಿಲ್ಲ. ನನಗೆ ‘ಕುರುಹು’ ಇಷ್ಟ. ಆದರೆ ‘ರಕ್ತದ ಕುರುಹು’ ಎಂದೊಡನೆ ಕೊಲೆ ನಡೆದ ಜಾಗ ಕಣ್ಣಿಗೆ ಕಟ್ಟುತ್ತದೆ. ‘ರಕ್ತದಲ್ಲಿನ ಕುರುಹು’ ಎಂದರೆ ಆ ತೊಡಕು ನೀಗುತ್ತದೆ ಎಂದುಕೊಂಡಿದ್ದೇನೆ. ‘ಲಕ್ಷಣ’ವನ್ನಂತೂ ಇಲ್ಲಿಗೆ ತರಬಾರದು. ಲಕ್ಷಣವೆಂದರೆ ರೋಗಿ ಅನುಭವಿಸುವುದು, ಮನೆಯವರು ಕಾಣುವುದು. ಕುರುಹಾದರೋ ಲಕ್ಷಣ ತೋರುವ ಎಷ್ಟೋ ವರ್ಷ ಮೊದಲೇ ರಕ್ತದಲ್ಲಿ ಇರಬಲ್ಲದು. ಇವೆರಡರ ನಡುವಿನ ನಂಟನ್ನೇ ಸಂಶೋಧಕರು ಹುಡುಕುತ್ತಿರುವಾಗ ಎರಡಕ್ಕೂ ಒಂದೇ ಪದ ಬಳಸಿದರೆ ವಾಕ್ಯವೇ ಕುಸಿಯುತ್ತದೆ.

ನಿಜವಾಗಿ ಕಾಡುತ್ತಿರುವುದು ಎರಡನೆಯದು, ಅಪಥಿ (apathy), ಅಂದರೆ ಯಾವುದಕ್ಕೂ ಮನಸ್ಸು ಮುಂದಾಗದೆ ಸುಮ್ಮನಿದ್ದುಬಿಡುವ ಸ್ಥಿತಿ. ಈ ಕಾಯಿಲೆಯಲ್ಲಿ ತೀರಾ ಸಾಮಾನ್ಯವಾಗಿ ಕಾಣುವ ವರ್ತನೆಯ ಲಕ್ಷಣಗಳಲ್ಲಿ ಇದೂ ಒಂದು. ‘ಉದಾಸೀನ’ ಎಂದು ಬರೆದಿದ್ದೆ, ಹೊಡೆದುಹಾಕಿದೆ. ಉದಾಸೀನ ಮಾಡುವುದು ಬೇಕೆಂದೇ ಮಾಡುವ ಕೆಲಸ. ಓದಿದ ಮಗಳು ತಾಯಿಯ ಮೇಲೆ ತಪ್ಪು ಹೊರಿಸಿಯಾಳು. ‘ನಿರ್ಲಿಪ್ತತೆ’ ನಮ್ಮಲ್ಲಿ ಸಾಧಕರ ಗುಣ, ರೋಗಿಯ ಪಾಡಿಗೆ ಹೊಗಳಿಕೆಯ ಹೊದಿಕೆ ಬೇಡ. ‘ಖಿನ್ನತೆ’ ಬೇರೆಯೇ ಸ್ಥಿತಿ. ಅಪಥಿ ಇರುವವರು ದುಃಖದಲ್ಲಿ ಇರಲೇಬೇಕೆಂದಿಲ್ಲ. ‘ನಿರಾಸಕ್ತಿ’ ಹತ್ತಿರ ಬರುತ್ತದೆ. ಆದರೂ ಅದು ಒಂದು ವಿಷಯದಲ್ಲಿ ಒಲವಿಲ್ಲದಿರುವುದನ್ನು ಹೇಳುತ್ತದೆಯೇ ಹೊರತು, ಎದ್ದು ಒಂದು ಕೆಲಸಕ್ಕೆ ತೊಡಗುವ ಒಳಗಿನ ಒತ್ತಾಸೆಯೇ ಬತ್ತಿರುವುದನ್ನು ಹೇಳುವುದಿಲ್ಲ.

‘ಮರೆವಿನ ಕಾಯಿಲೆ’ ಎಂಬ ಹೆಸರೂ ಇಂಥ ಲಕ್ಷಣಗಳನ್ನು ಮರೆಮಾಡುತ್ತದೆ. ಅಲೋಯಿಸ್ ಅಲ್‌ಝೈಮರ್ 1906ರಲ್ಲಿ ವಿವರಿಸಿದ ಮೊದಲ ರೋಗಿಯಲ್ಲಿ ಆರಂಭಕ್ಕೇ ಎದ್ದು ಕಂಡದ್ದು ಗಂಡನ ಮೇಲಿನ ಅತಿಯಾದ ಸಂಶಯ. ಹಾಗಾಗಿ ವರ್ತನೆಯ ಪದಗಳಲ್ಲಿ ಎಡವಲು ನನಗೆ ಮನಸ್ಸಿಲ್ಲ.

‘ಉಮೇದುಗೇಡು’ ಎಂದು ಕಟ್ಟಿ ನೋಡಿದೆ. ಉಮೇದು ಸರಿಯಾಗಿ ಕೂರುತ್ತದೆ, ‘ಗೇಡು’ ಮಾತ್ರ ಬೈಗುಳದಂತೆ ಕೇಳುತ್ತದೆ. ನಿಮ್ಮ ಕಡೆಯ ಆಡುಮಾತಿನಲ್ಲಿ, ನಿಂದೆಯ ಸೋಂಕಿಲ್ಲದೆ ಈ ಸ್ಥಿತಿಯನ್ನು ಹೇಳುವ ಪದವಿದ್ದರೆ, ಅದು ಬರುವ ಒಂದು ವಾಕ್ಯದ ಸಮೇತ ದಯವಿಟ್ಟು ತಿಳಿಸಿ.