ಸೋಡಿಯಂ ಲ್ಯಾಂಪ್ ಹತ್ತಿ ಹತ್ತಿ ಆರ್ತದ, ಯಾಕ?

ದಾಲ್‌ಮಿಲ್_ಕಲಬುರಗಿ:
ಮಿಲ್ಲಿನ ಅಂಗಳದಾಗ 250 ವ್ಯಾಟಿನ ಆರು ಸೋಡಿಯಂ ಲ್ಯಾಂಪ್ ಅವ. ಅದರಾಗ ಒಂದು, ಹತ್ತಿದ ಮ್ಯಾಲ ಸ್ವಲ್ಪ ಹೊತ್ತು ಪೂರ್ತಿ ಬೆಳಕು ಕೊಟ್ಟು ತಾನೇ ಆರ್ತದ. ಒಂದೆರಡು ನಿಮಿಷ ಬಿಟ್ಟು ಮತ್ತ ಹತ್ತತದ. ರಾತ್ರಿಯೆಲ್ಲ ಹಿಂಗೇ. ಇಗ್ನಿಟರ್ ಬದಲಿ ಮಾಡಿದ್ರೂ ಅಷ್ಟೇ. ಚೋಕ್ ಹೋಗ್ಯಾದೇನು? ಈ ಲ್ಯಾಂಪಿಗೆ ಚೋಕ್ ಇಲ್ಲದೇ ಯಾಕ ನಡೆಯಂಗಿಲ್ಲ ಅನ್ನೋದನ್ನೂ ತಿಳಿದವ್ರು ಹೇಳ್ರಿ.

ಐಟಿಐ_ಯಾದಗಿರಿ:
ಚೋಕ್ ಮೇಲೆ ಅನುಮಾನ ಬೇಡ. ನೀವು ಹೇಳಿದ್ದು ವಯಸ್ಸಾದ ಸೋಡಿಯಂ ಬಲ್ಬಿನ ಲಕ್ಷಣ.

ಹೊರಗಿನ ಗಾಜಿನೊಳಗೆ ಪೆನ್ಸಿಲ್ ದಪ್ಪದ ಅಲ್ಯುಮಿನಾ (ಒಂದು ಬಗೆಯ ಪಿಂಗಾಣಿ) ನಳಿಗೆ ಇರುತ್ತದೆ. ಕಾದ ಸೋಡಿಯಂ ಗಾಜನ್ನು ತಿಂದುಹಾಕುವುದರಿಂದ ಅಲ್ಲಿ ಗಾಜು ನಡೆಯುವುದಿಲ್ಲ. ನಳಿಗೆಯಲ್ಲಿ ಕ್ಸೆನಾನ್ ಅನಿಲ, ಜೊತೆಗೆ ಸೋಡಿಯಂ-ಪಾದರಸದ ಮಿಶ್ರಣ. ಇಗ್ನಿಟರ್ 3ರಿಂದ 4.5 ಸಾವಿರ ವೋಲ್ಟಿನ ಪಲ್ಸ್ ಕೊಟ್ಟು ಕ್ಸೆನಾನ್‌ನಲ್ಲಿ ಆರ್ಕ್, ಅಂದರೆ ಅನಿಲದ ಮೂಲಕ ಹರಿಯುವ ವಿದ್ಯುತ್ ಕಿಡಿ, ಹೊತ್ತಿಸುತ್ತದೆ. ಆ ಶಾಖಕ್ಕೆ ಪಾದರಸ, ಸೋಡಿಯಂ ಆವಿಯಾಗುತ್ತವೆ. ಮೊದಲು ಬಿಳಿಚಾಗಿದ್ದ ಬೆಳಕು ನಾಲ್ಕೈದು ನಿಮಿಷದಲ್ಲಿ ಹೊಂಬಣ್ಣಕ್ಕೆ ಬರುವುದು ಹೀಗೆ.

ಆರ್ಕ್ ಒಮ್ಮೆ ಹತ್ತಿತೆಂದರೆ ಕರೆಂಟ್ ಏರಿದಷ್ಟೂ ಅನಿಲದ ರೋಧ ಇಳಿಯುತ್ತದೆ. ನೇರ 230 ವೋಲ್ಟ್ ಕೊಟ್ಟರೆ ಕರೆಂಟಿಗೆ ಹಿಡಿತವೇ ಇರದೆ ಬಲ್ಬ್ ಹೋಗುತ್ತದೆ, ಇಲ್ಲವೇ ಫ್ಯೂಸ್ ಹಾರುತ್ತದೆ. ಸರಣಿಯಲ್ಲಿರುವ ಚೋಕ್ ಅದನ್ನು 3 ಆಂಪಿಯರ್ ಸುತ್ತ ಹಿಡಿದಿಡುತ್ತದೆ. ಟ್ಯೂಬ್‌ಲೈಟಿನ ಚೋಕ್ ಕೆಲಸವೂ ಇದೇ.

ಹೊಸ 250 ವ್ಯಾಟಿನ ಬಲ್ಬಿಗೆ ಅಡ್ಡಲಾಗಿ ಸುಮಾರು 100 ವೋಲ್ಟ್ ಇರುತ್ತದೆ. ವರ್ಷಗಳುರುಳಿದಂತೆ ನಳಿಗೆಯ ತುದಿಗಳು ಕಪ್ಪಾಗುತ್ತವೆ, ಹೆಚ್ಚು ಕಾಯುತ್ತವೆ, ಸೋಡಿಯಂ ಕಡಿಮೆಯಾಗುತ್ತದೆ, ಈ ವೋಲ್ಟೇಜ್ ಏರುತ್ತಲೇ ಹೋಗುತ್ತದೆ. 150 ದಾಟಿದ ಮೇಲೆ ಚೋಕ್ ಆರ್ಕನ್ನು ಉಳಿಸಿಕೊಳ್ಳಲಾರದು. ಬಲ್ಬ್ ಆರಿ, ತಣಿದು, ಒಳಗಿನ ಒತ್ತಡ ಇಳಿದ ಮೇಲೆ ಇಗ್ನಿಟರ್ ಮತ್ತೆ ಹೊತ್ತಿಸುತ್ತದೆ. ಹಾಗೇ ಬಿಟ್ಟರೆ ಹೊಸ ಇಗ್ನಿಟರೂ ಬೇಗ ಕೆಡುತ್ತದೆ.

ವೈರಿಂಗ್_ಬೀದರ್:
ಖರೇ ಮಾತು. ಖಾತ್ರಿಗೆ ಆ ಬಲ್ಬನ್ನ ಬಾಜೂ ಕಂಬದ ಬಲ್ಬಿಗೆ ಅದಲು-ಬದಲು ಮಾಡ್ರಿ. ಎಂಸಿಬಿ ಇಳಿಸಿ, ಬಲ್ಬ್ ತಣ್ಣಗಾದ ಮ್ಯಾಲ. ದೋಷ ಬಲ್ಬಿನ ಜೋಡಿ ಹೋದ್ರ ಬಲ್ಬೇ ಕಾರಣ. ಕಂಬದಾಗೇ ಉಳಿದ್ರ ಹೋಲ್ಡರಿನ ನಡುವಿನ ಕಾಂಟ್ಯಾಕ್ಟ್ ಸುಟ್ಟದೇನು ನೋಡ್ರಿ, ಆಮ್ಯಾಲ ಚೋಕಿನ ಟ್ಯಾಪ್ (ಬ್ಯಾರೆ ಬ್ಯಾರೆ ಸಪ್ಲೈ ವೋಲ್ಟೇಜಿಗಿ ವೈರ್ ಕೊಡೋ ಜಾಗ). ಸಪ್ಲೈ 240 ಇದ್ದು ವೈರ್ 220ರ ಟ್ಯಾಪಿಗಿ ಇದ್ರ ಬಲ್ಬಿಗಿ ಲೋಡ್ ಜಾಸ್ತಿ ಆಗಿ ಲಗು ಮುಗೀತದ. ದೊಡ್ಡ ಮೋಟಾರ್ ಸ್ಟಾರ್ಟ್ ಆದಾಗ ಆರೂ ಲ್ಯಾಂಪ್ ಒಮ್ಮೆಲೇ ಆರಿದ್ರ ಅದು ವೋಲ್ಟೇಜ್ ಬೀಳೋ ಸಮಸ್ಯೆ, ಬಲ್ಬಿಂದಲ್ಲ.

ಹಿಂಗ ಹತ್ತಿ ಆರೋ ಬಲ್ಬಿಗಿ ಮಲ್ಟಿಮೀಟರ್ ಹಚ್ಚಲೇಬ್ಯಾಡ್ರಿ. ಆರಿದ ಕ್ಷಣಕ್ಕ ಇಗ್ನಿಟರಿನ ಪಲ್ಸ್ ಬಂದು ಮೀಟರ್ ಸುಡ್ತದ, ಕೈಗೂ ಅಪಾಯ. ಕ್ಲ್ಯಾಂಪ್ ಮೀಟರಿಲೆ ಫಿಟ್ಟಿಂಗಿಗಿ ಬರೋ ಒಂದು ವೈರ್ ಹಿಡೀರಿ. ಪೂರ್ತಿ ಬೆಳಕು ಬಂದಾಗ 1.4 ಆಂಪಿಯರ್ ಆಸುಪಾಸು ಇದ್ರ ಕೆಪಾಸಿಟರ್ (ಚೋಕಿನಿಂದಾಗಿ ಸಪ್ಲೈಯಿಂದ ಎಳೆಯೋ ಹೆಚ್ಚಿನ ಕರೆಂಟ್ ತಗ್ಗಿಸೋ ಭಾಗ) ಚಲೋ ಅದ. 3ರ ಹತ್ರ ತೋರಿಸಿದ್ರ ಕೆಪಾಸಿಟರ್ ಹೋಗ್ಯಾದ. ಬೆಳಕು ಹಂಗೇ ಇರ್ತದ, ಆದ್ರ ವೈರ್ ಮತ್ತ ಎಂಸಿಬಿ ಮ್ಯಾಲ ಭಾರ ಬೀಳ್ತದ.

ದಾಲ್‌ಮಿಲ್_ಕಲಬುರಗಿ:
ಅದಲು-ಬದಲು ಮಾಡಿದೆ, ದೋಷ ಬಲ್ಬಿನ ಜೋಡಿನೇ ಹೋಯ್ತು. ಅದೇ ಹೋಲ್ಡರಿಗಿ ಎಲ್‌ಇಡಿ ಬಲ್ಬ್ ತಿರುಗಿಸಿದ್ರ ನಡೀತದೇನ್ರಿ? ಮಿಲ್ಲಿನ ಒಳಗೂ ಹಳೇ ಸೋಡಿಯಂ ಅವ.

ಐಟಿಐ_ಯಾದಗಿರಿ:
ಹಾಗೇ ತಿರುಗಿಸಬೇಡಿ. ಇಗ್ನಿಟರಿನ ಪಲ್ಸ್ ಎಲ್‌ಇಡಿ ಡ್ರೈವರನ್ನು (ಎಲ್‌ಇಡಿಗೆ ಬೇಕಾದ ಕರೆಂಟ್ ಕೊಡುವ ಒಳಗಿನ ಸರ್ಕ್ಯೂಟ್) ಸುಡುತ್ತದೆ. ಚೋಕ್, ಇಗ್ನಿಟರ್, ಕೆಪಾಸಿಟರ್ ಮೂರನ್ನೂ ಬಿಚ್ಚಿ, ಫೇಸನ್ನು ಹೋಲ್ಡರಿನ ನಡುವಿನ ಕಾಂಟ್ಯಾಕ್ಟಿಗೆ, ನ್ಯೂಟ್ರಲನ್ನು ಸುತ್ತಿನ ತಿರುಪಿಗೆ ಕೊಡಿ.

ಒಳಗಿನವನ್ನು ಮೊದಲು ಬದಲಿಸಿ. 50 ಹರ್ಟ್ಸ್ ಸಪ್ಲೈಯಲ್ಲಿ ಚೋಕ್ ಲ್ಯಾಂಪಿನ ಬೆಳಕು ಸೆಕೆಂಡಿಗೆ 100 ಸಲ ಏರಿಳಿಯುತ್ತದೆ. ತಿರುಗುವ ಪುಲ್ಲಿ ಅದರಲ್ಲಿ ನಿಂತಂತೆ ಕಂಡು ಯಾರಾದರೂ ಕೈ ಇಡಬಹುದು. ಬದಲಿಸುವ ತನಕ ಅಕ್ಕಪಕ್ಕದ ಲ್ಯಾಂಪುಗಳನ್ನು ಬೇರೆ ಬೇರೆ ಫೇಸಿಗೆ ಹಂಚಿ. ಬೇಳೆಯ ಬಣ್ಣ ನೋಡಿ ಗ್ರೇಡ್ ಮಾಡುವ ಕಡೆಯಂತೂ ಸೋಡಿಯಂ ಬೆಳಕು ಪ್ರಯೋಜನವಿಲ್ಲ, ಎಲ್ಲವೂ ಹಳದಿಯಾಗೇ ಕಾಣುತ್ತದೆ.

ವೈರಿಂಗ್_ಬೀದರ್:
ಎಲ್‌ಇಡಿ ತಗೋವಾಗ ಫ್ಲಿಕರ್ ಇಲ್ಲದ ಡ್ರೈವರ್ ಇರೋದನ್ನೇ ಕೇಳ್ರಿ, ಅಗ್ಗದವೂ ಅದೇ 100 ಸಲ ಮಿಣುಕ್ತಾವ. ಹಳೇ ಬಲ್ಬಿನಾಗ ಪಾದರಸ ಅದ, ಗುಜರಿಗಿ ಒಡೆದು ಹಾಕಬ್ಯಾಡ್ರಿ. ಹೊಸದರ ಡಬ್ಬಿಯಾಗೇ ಇಟ್ಟು ಇ-ತ್ಯಾಜ್ಯ ತಗೊಳ್ಳೋರಿಗಿ ಕೊಡ್ರಿ.