ಸಹಾಯ ಬೇಕು: ಗೇಟಿನ ದಾರಿಯ ಕಾಂಕ್ರೀಟ್ ಬಿರುಕು ಬಿಟ್ಟಿದೆ

ಮೂಡಿಗೆರೆ ಹತ್ತಿರ ನಮ್ಮ ಮನೆ. ಗೇಟಿನಿಂದ ಶೆಡ್‌ವರೆಗೆ 60 ಅಡಿ ಉದ್ದ, 4 ಇಂಚು ದಪ್ಪ ಕಾಂಕ್ರೀಟ್ ಹಾಕಿಸಿ ಎರಡು ವರ್ಷ ಆಯಿತು. ಈ ಮಳೆಗಾಲ ಮುಗಿಯುವಷ್ಟರಲ್ಲಿ ಅಡ್ಡಡ್ಡ ಬಿರುಕು. ಒಂದರೊಳಗೆ ನಾಣ್ಯ ಸಲೀಸಾಗಿ ಇಳಿಯುತ್ತದೆ, ಗರಿಕೆ ಬೇರೆ ಚಿಗುರಿದೆ! ಶೆಡ್ ಕಡೆ ಅರ್ಧ ಇಂಚು ಕುಸಿದೂ ಇದೆ.

ಎಂಟು-ಹತ್ತು ಅಡಿಗೊಂದು ಜಾಯಿಂಟ್ (ಎಲ್ಲೆಂದರಲ್ಲಿ ಬಿರುಕು ಬಿಡದಂತೆ ಬೇಕೆಂದೇ ಬಿಡುವ ಅಡ್ಡ ಗೀರು) ಬಿಡಬೇಕಿತ್ತಂತೆ, ಬಿಟ್ಟಿಲ್ಲ. ನೀರು ಹಾಯಿಸಿದ್ದೂ ಮೂರೇ ದಿನ. ತಪ್ಪು ನಮ್ಮದೇ ಅನ್ನಿ.

ಹಳೆಯದರ ಮೇಲೆಯೇ ಒಂದಿಂಚು ಕಾಂಕ್ರೀಟ್ ಎಳೆಯೋಣ ಅನ್ನುತ್ತಾರೆ ಮೇಸ್ತ್ರಿ. ಅದೇ ಬಿರುಕು ಮತ್ತೆ ಮೇಲೆ ಬರುತ್ತೆ ಅಲ್ವಾ? ಬಿರುಕು ಅಗಲಿಸಿ, ಧೂಳು ತೆಗೆದು ಪಾಲಿಯುರೆಥೇನ್ ಸೀಲಂಟ್ (ರಬ್ಬರಿನಂತೆ ಹಿಗ್ಗುವ ಅಂಟು) ತುಂಬಿದರೆ ಸಾಕಾ? ಕುಸಿದ ಭಾಗ ಒಡೆದು, ಮಣ್ಣು ದಮ್ಮಸ್ಸು ಮಾಡಿಯೇ ಹಾಕಬೇಕಾ? ಕಾಫಿ ಕೊಯ್ಲಿಗೆ ಟ್ರ್ಯಾಕ್ಟರ್ ಓಡಾಡಬೇಕು. ಮಾಡಿಸಿದವರು ದಯವಿಟ್ಟು ಹೇಳಿ.